ಗಂಗಾಳಕ್ಕೆ ಬೀಳದ ಮಾತ್ರೆ

ಮೊನ್ನೆ ಹುಬ್ಬಳ್ಳಿಯಿಂದ ಒಬ್ಬ ಹುಡುಗಿ ಫೋನ್ ಮಾಡಿದ್ದಳು. ನನ್ನ ತಂಗಿಯ ಮಗಳ ಗೆಳತಿ. ನರ್ಸಿಂಗ್ ಮುಗಿಸಿ ಕೆಲಸಕ್ಕೆ ಸೇರಿದ್ದಾಳೆ, ಯುರಾಲಜಿಗೆ, ಅಂದರೆ ಮೂತ್ರರೋಗದ ವಿಭಾಗಕ್ಕೆ ಹಾಕಿದ್ದಾರೆ. "ಆಂಟಿ, ಅಲ್ಲೆ ಬರೇ ಗಂಡಸರ್ರೀ. ಅದೂ ವಯಸ್ಸಾದವರು. ನನಗ ಹೆದರಿಕಿ ಆಗ್ತೈತ್ರಿ" ಅಂದಳು. ನನಗೆ ನಗು ತಡೆಯಲಾಗಲಿಲ್ಲ. ಹೆದರುವವರು ನಾವಲ್ಲ ತಾಯಿ, ಅವರು!

ಕೋಲ್ಕತ್ತದ ಒಂದು ಆಸ್ಪತ್ರೆಯಲ್ಲಿ, ಹೆಸರು ಬೇಡ, ಇಪ್ಪತ್ತೆರಡು ವರ್ಷ ಅದೇ ವಿಭಾಗದ ಹೊರರೋಗಿ ಕೋಣೆಯಲ್ಲಿ ನರ್ಸಾಗಿ ಕೂತವಳು ನಾನು. ಯಾವಾಗ ಸೀನಿಯರ್ ಆದೆ, ಯಾವಾಗ ಇನ್‌ಚಾರ್ಜ್ ಆದೆ ಎಂಬುದೆಲ್ಲ ಪೆನ್ಷನ್ ಕಾಗದದಲ್ಲಿದೆ, ಅಲ್ಲೇ ಇರಲಿ. ಆ ಹುಡುಗಿಗೆ ಫೋನಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವಳ ಹಾಗೆ ಈ ಕೆಲಸಕ್ಕೆ ಬರುವ ಬೇರೆ ಮಕ್ಕಳೂ ಓದಲಿ. ಓದಿ ನಗಲಿ, ಆದರೆ ನಾನು ಮಾಡಿದ ತಪ್ಪನ್ನು ಮಾಡದಿರಲಿ.

ನಾನು ಗದಗಿನ ಕಡೆಯವಳು. ನಮ್ಮ ಮನೆಯವರಿಗೆ ಗಾರ್ಡನ್ ರೀಚ್‌ನಲ್ಲಿ ಹಡಗು ಕಟ್ಟುವ ಕಡೆ ಕೆಲಸ. ಮದುವೆಯಾಗಿ ಬಂದಾಗ ಬಂಗಾಳಿಯ ಒಂದು ಅಕ್ಷರ ಗೊತ್ತಿರಲಿಲ್ಲ. ಗೊತ್ತಿಲ್ಲದ್ದೇ ಒಳ್ಳೆಯದಾಯಿತು. ಮೂತ್ರದ ತೊಂದರೆ ಹೇಳಲು ನಾಚುವ ಗಂಡಸರು, "ಈ ದೀದಿಗೆ ಹೇಗೂ ಅರ್ಥವಾಗುವುದಿಲ್ಲ" ಎಂಬ ಧೈರ್ಯದಲ್ಲಿ ನನ್ನ ಮುಂದೆ ಎಲ್ಲ ಬಾಯಿಬಿಡುತ್ತಿದ್ದರು. ಆರೇ ತಿಂಗಳಲ್ಲಿ ನನಗೆ ಎಲ್ಲ ಅರ್ಥವಾಗತೊಡಗಿತು. ಅದನ್ನು ನಾನು ಯಾರಿಗೂ ಹೇಳಲಿಲ್ಲ.

ಮೊದಮೊದಲು ನಮ್ಮಲ್ಲಿ ಮೂತ್ರದ ಹರಿವು ಅಳೆಯುವ ಯಂತ್ರ ಇರಲಿಲ್ಲ. ಅಳತೆಯ ಜಾಡಿ ಕೊಟ್ಟು ರೋಗಿಯನ್ನು ಬಾತ್‌ರೂಮಿಗೆ ಕಳಿಸಿ, ಬಾಗಿಲ ಹೊರಗೆ ನಾನು ಸ್ಟಾಪ್‌ವಾಚ್ ಹಿಡಿದು ನಿಲ್ಲಬೇಕು. ಒಳಗಿನಿಂದ ಅವರು "ಶುರು!" ಎಂದು ಕೂಗಬೇಕು, ಮುಗಿದಾಗ "ಶೇಷ್!" ಅನ್ನಬೇಕು. ಕೆಲವರಿಗೆ ಶುರು ಆಗುತ್ತಲೇ ಇರಲಿಲ್ಲ. ನಾನು ಹೊರಗಿನ ನಲ್ಲಿಯನ್ನು ಸಣ್ಣಗೆ ಬಿಡುತ್ತಿದ್ದೆ, ನೀರಿನ ಸದ್ದು ಕೇಳಿದರೆ ಆಗುತ್ತದೆ. ಆಮೇಲೆ ಯಂತ್ರ ಬಂತು, ಗೆರೆ ಎಳೆದು ಕಾಗದ ಕೊಡುತ್ತಿತ್ತು. ನಿವೃತ್ತ ಹೆಡ್‌ಮಾಸ್ಟರ್ ಒಬ್ಬರು ಆ ಕಾಗದ ಹಿಡಿದುಕೊಂಡು, "ನೂರಕ್ಕೆ ಎಷ್ಟು?" ಎಂದು ಕೇಳಿದರು. ಇದರಲ್ಲಿ ಮಾರ್ಕ್ಸ್ ಇಲ್ಲ ಅಂದೆ. "ಮತ್ತೆ ಪಾಸೋ ಫೇಲೋ ಹೇಗೆ ತಿಳಿಯುವುದು?" ಎಂದು ಜಗಳಕ್ಕೆ ನಿಂತು, ಮರುದಿನ ಮೂರು ಲೋಟ ನೀರು ಹೆಚ್ಚಿಗೆ ಕುಡಿದು ಮರುಪರೀಕ್ಷೆಗೆ ಬಂದರು!

ನಮ್ಮ ದೊಡ್ಡ ಡಾಕ್ಟರು ಘಟಕ್. ಕೋಪಿಷ್ಠ, ಆದರೆ ಕೂಗಾಡುವ ಕೋಪವಲ್ಲ. ಸುಮ್ಮನಾಗಿಬಿಡುತ್ತಿದ್ದರು. ನಮ್ಮ ನಡುವೆ ಮಾತು ಹಿಂದಿಯಲ್ಲಿ. ನಾನು ಸೇರಿದ ವಾರ ನನ್ನನ್ನು ಕೂರಿಸಿಕೊಂಡು ಪಾಠ ಮಾಡಿದರು. "ಪ್ರಾಸ್ಟೇಟ್ ಎಂದರೆ ಗಂಡಸರ ಮೂತ್ರಚೀಲದ ಕೆಳಗೆ, ಮೂತ್ರನಾಳವನ್ನು ಸುತ್ತಿಕೊಂಡಿರುವ ಒಂದು ಗ್ರಂಥಿ. ವಯಸ್ಸಾದ ಹಾಗೆ ಅದು ಉಬ್ಬುತ್ತದೆ, ನಾಳ ಒತ್ತುತ್ತದೆ. ಅದು ಬೇರೆ. ಅದರಲ್ಲೇ ಕ್ಯಾನ್ಸರ್ ಹುಟ್ಟುವುದು ಬೇರೆ. ಮೊದಲನೆಯದು ಗಲಾಟೆ ಮಾಡುತ್ತದೆ, ಎರಡನೆಯದು ಶುರುವಿನಲ್ಲಿ ಸದ್ದೇ ಮಾಡುವುದಿಲ್ಲ. ಅದಕ್ಕೇ ನಾವು ಹುಡುಕಿಕೊಂಡು ಹೋಗಬೇಕು." ಹೀಗೆಂದು, ನನ್ನ ಹೆಬ್ಬೆರಳ ಬುಡದ ಮೆತ್ತನೆ ಮಾಂಸವನ್ನು ನಾನೇ ಮುಟ್ಟಿ ನೋಡುವಂತೆ ಹೇಳಿದರು. "ಹಿಂದಿನಿಂದ ಬೆರಳು ಹಾಕಿ ನೋಡಿದಾಗ ಗ್ರಂಥಿ ಹೀಗಿದ್ದರೆ ಸಮಾಧಾನ." ಆಮೇಲೆ ಬೆರಳ ಗೆಣ್ಣು ಮುಟ್ಟಿಸಿದರು. "ಹೀಗಿದ್ದರೆ ಬಿಡುವ ಹಾಗಿಲ್ಲ."

ಈ ಬೆರಳ ಪರೀಕ್ಷೆಯಿಂದ ತಪ್ಪಿಸಿಕೊಳ್ಳಲು ಗಂಡಸರು ಹೇಳುವ ನೆಪಗಳನ್ನು ಬರೆದಿಟ್ಟಿದ್ದರೆ ಒಂದು ಪುಸ್ತಕವಾಗುತ್ತಿತ್ತು. ಇವತ್ತು ಏಕಾದಶಿ. ಹೊರಗೆ ಟ್ಯಾಕ್ಸಿ ಕಾಯುತ್ತಿದೆ. ನನಗಲ್ಲ, ನನ್ನ ಭಾವನಿಗೆ ತೊಂದರೆ ಇರುವುದು. ಒಬ್ಬ ಪೊಲೀಸ್ ಅಧಿಕಾರಿ, ಆರಡಿ ಎತ್ತರದ ಆಳು, ಪರದೆಯ ಹಿಂದಿನಿಂದ ಕಿಟಕಿ ಹಾರಿ ಹೋಗಿದ್ದರು. ನೆಲ ಅಂತಸ್ತು, ಪುಣ್ಯ. ಅರ್ಧ ನಿಮಿಷದ ಕೆಲಸ ಅದು. ಹುಡುಗಿಯರೇ, ನೀವು ಪಕ್ಕದಲ್ಲಿ ನಿಂತು ಅವರ ಊರು, ಮೊಮ್ಮಕ್ಕಳು, ಮೀನಿನ ವಿಷಯ ಏನಾದರೂ ಕೇಳುತ್ತಿರಿ. ಉತ್ತರ ಮುಗಿಯುವುದರೊಳಗೆ ಪರೀಕ್ಷೆ ಮುಗಿದಿರುತ್ತದೆ.

ಇನ್ನು ರಕ್ತದಲ್ಲಿ ನೋಡುವ ಪಿ.ಎಸ್.ಎ. ಗ್ರಂಥಿ ಬಿಡುವ ಒಂದು ವಸ್ತು ಅದು. ನಾಲ್ಕರೊಳಗಿದ್ದರೆ ನಿಶ್ಚಿಂತೆ ಎಂದು ಆಗಿನ ಲೆಕ್ಕ. ಜಾಸ್ತಿ ಬಂದ ಮಾತ್ರಕ್ಕೆ ಕ್ಯಾನ್ಸರ್ ಅಲ್ಲ, ಗ್ರಂಥಿ ಉಬ್ಬಿದರೂ, ಸೋಂಕಾದರೂ, ಮೂತ್ರದ ನಳಿಕೆ ಹಾಕಿದ್ದರೂ ಏರುತ್ತದೆ. ಇದು ನನಗೆ ಗೊತ್ತಿತ್ತು, ಆದರೂ ಒಮ್ಮೆ ಹಿಂದಿನ ದಿನವಷ್ಟೇ ನಳಿಕೆ ತೆಗೆದಿದ್ದ ಒಬ್ಬರ ರಕ್ತ ತೆಗೆದು ಕಳಿಸಿಬಿಟ್ಟೆ. ನಂಬರು ಆಕಾಶಕ್ಕೆ ಹೋಯಿತು. ಪಾಪ ಅವರು ಮನೆಗೆ ಹೋಗಿ ತನ್ನ ಹಾರ್ಮೋನಿಯಂ ಅನ್ನು ಅಳಿಯನಿಗೆ ದಾನ ಮಾಡಿಬಿಟ್ಟರು. ಕೆಲವು ವಾರ ಬಿಟ್ಟು ಮತ್ತೆ ತೆಗೆದರೆ ರಿಪೋರ್ಟು ಸರಿಯಾಗಿತ್ತು. ಅಳಿಯ ಹಾರ್ಮೋನಿಯಂ ವಾಪಸ್ ಕೊಡಲಿಲ್ಲ ಎಂದು ಆ ಮನುಷ್ಯ ವರ್ಷಗಟ್ಟಲೆ ನನ್ನನ್ನು ಬೈಯುತ್ತಿದ್ದರು.

ರಿಪೋರ್ಟು ಕೆಡಿಸುವುದು ನಳಿಕೆ ಒಂದೇ ಅಲ್ಲ, ತಿನ್ನುವ ಮಾತ್ರೆಯೂ ಕೆಡಿಸುತ್ತದೆ ಎಂದು ಆ ಪ್ರಕರಣದ ನಂತರ ಘಟಕ್ ಒಂದು ನಿಯಮ ಮಾಡಿದರು. ಹೊಸ ರೋಗಿ ಬಂದರೆ ಬಾಯಿಮಾತು ನಂಬುವಂತಿಲ್ಲ. ಅವನು ತಿನ್ನುವ ಮಾತ್ರೆ, ಪುಡಿ, ಬೇರು, ಎಲ್ಲವನ್ನೂ ತಂದು ಒಂದು ಟ್ರೇಯಲ್ಲಿ ಸುರಿಯಬೇಕು. ನರ್ಸ್ ಒಂದೊಂದಾಗಿ ನೋಡಿ ಬರೆಯಬೇಕು. ಟ್ರೇ ಬೇಕೆಂದು ಸ್ಟೋರ್ಸ್‌ಗೆ ಬರೆದೆ. ಬರಲೇ ಇಲ್ಲ. ಕಡೆಗೆ ಮನೆಯಿಂದ ನನ್ನದೊಂದು ಸ್ಟೀಲ್ ಗಂಗಾಳ ತಂದಿಟ್ಟೆ. ಮೈಸೂರು ಕಡೆಯವರು ತಟ್ಟೆ ಅನ್ನುತ್ತಾರಲ್ಲ, ಅಂಚು ಎತ್ತರ ಇರುವಂಥದು. ಮದುವೆಯಲ್ಲಿ ಬಂದದ್ದು, "ಚಿ. ಸೌ. ಕಸ್ತೂರಿಗೆ ಸೋದರಮಾವನಿಂದ" ಎಂದು ಅಂಚಿನಲ್ಲಿ ಕೊರೆಸಿದ್ದರು. ಕನ್ನಡ ಬಾರದ ರೋಗಿಗಳು ಅದು ಯಾವುದೋ ಮಂತ್ರ ಎಂದುಕೊಂಡು ಮಾತ್ರೆ ಸುರಿಯುವ ಮೊದಲು ಕೈಮುಗಿಯುತ್ತಿದ್ದರು. ನನ್ನ ಸೋದರಮಾವ ಅಷ್ಟು ನಮಸ್ಕಾರ ಬದುಕಿದ್ದಾಗಲೂ ಪಡೆದಿರಲಿಲ್ಲ.

ಗಂಗಾಳಕ್ಕೆ ಏನೇನು ಬಿತ್ತು ಅಂತೀರಿ! ಹೋಮಿಯೋಪತಿಯ ಸಕ್ಕರೆ ಗುಳಿಗೆ, ಹೆಂಡತಿಯ ಥೈರಾಯ್ಡ್ ಮಾತ್ರೆ, ಕಾಳಿಘಾಟ್‌ನ ಕುಂಕುಮ, ಒಣಗಿದ ಹಾಗಲ, ಯಾವುದೋ ಸಾಧು ಕೊಟ್ಟ ಬೂದಿ. ಅದರಿಂದ ನಮಗೆ ಎಷ್ಟೋ ಸುಳಿವು ಸಿಗುತ್ತಿತ್ತು. ಗಂಗಾಳ ನಮ್ಮ ವಿಭಾಗದ ಅರ್ಧ ಡಾಕ್ಟರ್ ಎಂದು ಘಟಕ್ ಹೇಳುತ್ತಿದ್ದರು. ಬಾಕಿ ಅರ್ಧ ತಾವು ಎಂದು ಅವರ ಅಭಿಪ್ರಾಯ.

ಅಷ್ಟರಲ್ಲಿ ಕಂಪ್ಯೂಟರಿನ ಕಾಲ ಬಂತು. ಸಾಲ್ಟ್ ಲೇಕ್‌ನ ಸೆಕ್ಟರ್ ಫೈವ್‌ನಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದ ವರ್ಷಗಳು. ನಮ್ಮ ಆಸ್ಪತ್ರೆಗೂ ಸಾಫ್ಟ್‌ವೇರ್ ಹಾಕಲು ಒಂದು ಕಂಪನಿಯವರು ಬಂದರು. ಬಂದವರಲ್ಲಿ ಒಬ್ಬ ನಮ್ಮ ಉಡುಪಿಯ ವಿಲ್ಸನ್. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದವನನ್ನು ಇಲ್ಲಿಗೆ ಕಳಿಸಿದ್ದರು. ಇಪ್ಪತ್ತೆಂಟು ವರ್ಷ, ಚುರುಕು ಆಸಾಮಿ, ಹಣೆ ಮಾತ್ರ ವಯಸ್ಸಿಗಿಂತ ದೊಡ್ಡದಾಗುತ್ತಿತ್ತು. ಅವನ ಸಾಫ್ಟ್‌ವೇರ್‌ನಲ್ಲಿ "ಸೇವಿಸುತ್ತಿರುವ ಔಷಧಿಗಳು" ಎಂಬ ಒಂದು ಖಾನೆ. ಅದನ್ನು ತುಂಬದಿದ್ದರೆ ಮುಂದಿನ ಪುಟ ತೆರೆಯುತ್ತಲೇ ಇರಲಿಲ್ಲ. ಹೊರಗೆ ಅರವತ್ತು ಜನರ ಸಾಲು. ನಾವೆಲ್ಲ ಏನು ಮಾಡಿದೆವು? 'ನಿಲ್', ಅಂದರೆ ಏನೂ ಇಲ್ಲ, ಎಂದು ಕುಟ್ಟಿ ಮುಂದೆ ಹೋಗುವುದನ್ನು ಕಲಿತೆವು. ಗಂಗಾಳ ಕಪಾಟಿನ ಮೇಲೆ ಹೋಯಿತು. ಘಟಕ್ ಇದ್ದ ದಿನ ಮಾತ್ರ ಕೆಳಗಿಳಿಯುತ್ತಿತ್ತು.

ಈಗ ಮೂರ್ತಿ ಅಣ್ಣನ ವಿಷಯಕ್ಕೆ ಬರುತ್ತೇನೆ. ಇಲ್ಲಿಯವರೆಗೆ ಹೇಳಿದ್ದೆಲ್ಲ ಇದಕ್ಕೇ.

ಮೂರ್ತಿ ಅಣ್ಣ ಮೈಸೂರಿನವರು, ರೈಲ್ವೆಯಲ್ಲಿ ನೌಕರಿ ಮಾಡಿ ನಿವೃತ್ತರಾಗಿ ಲೇಕ್ ಮಾರ್ಕೆಟ್ ಹತ್ತಿರವೇ ಉಳಿದವರು. ಅರವತ್ತೆರಡು ವರ್ಷ. ನಮ್ಮ ಕನ್ನಡದವರ ರಾಜ್ಯೋತ್ಸವದ ನಾಟಕದಲ್ಲಿ ವರ್ಷವರ್ಷವೂ ಅವರೇ ರಾಜ. ಕಂಠ ಚೆನ್ನಾಗಿತ್ತು, ನಿಲುವು ಚೆನ್ನಾಗಿತ್ತು, ತಲೆ ಮಾತ್ರ ಬೋಳು. ಪ್ರತಿವರ್ಷ ವಿಗ್ಗು. ಒಂದು ವರ್ಷ ಯುದ್ಧದ ದೃಶ್ಯದಲ್ಲಿ ವಿಗ್ಗು ಸೇನಾಪತಿಯ ಕತ್ತಿಗೆ ಸಿಕ್ಕಿಕೊಂಡು ಹೋಯಿತು. ಸಭೆ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಕಿವಿಯ ಮೇಲೆ ಉಳಿದಿದ್ದ ನಾಲ್ಕು ಕೂದಲಿಗಾಗಿ ಅವರು ಅಂಗಿಯ ಜೇಬಿನಲ್ಲಿ ಸದಾ ಒಂದು ಚಿಕ್ಕ ಬಾಚಣಿಗೆ ಇಟ್ಟುಕೊಂಡಿರುತ್ತಿದ್ದರು. ಆಗಾಗ ತೆಗೆದು ಬಾಚಿಕೊಂಡು ಮತ್ತೆ ಜೇಬಿಗಿಡುವುದು.

ಅವರ ಅಣ್ಣ ಮೈಸೂರಿನಲ್ಲಿ ಇದೇ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಬೆನ್ನುನೋವು ಎಂದು ಎಣ್ಣೆ ತಿಕ್ಕಿಸಿಕೊಳ್ಳುತ್ತಾ ಕೂತಿದ್ದರಂತೆ, ತೋರಿಸುವ ಹೊತ್ತಿಗೆ ಮೂಳೆಗೆ ಹಬ್ಬಿತ್ತು. ರಕ್ತಸಂಬಂಧಿಗೆ ಇದ್ದರೆ ತಮ್ಮನೂ ನೋಡಿಸಿಕೊಳ್ಳಬೇಕು ಎಂದು ನಾನೇ ಬೆನ್ನು ಹತ್ತಿ ಅವರನ್ನು ಕರೆಸಿದೆ. ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ, ಮಳೆ ಎಂದು ತಲೆಗೆ ಟೋಪಿ ಹಾಕಿಕೊಂಡು ಬಂದರು, ಒಳಗೆ ಬಂದ ಮೇಲೂ ತೆಗೆಯಲಿಲ್ಲ. ಘಟಕ್ ಆಪರೇಷನ್ ಥಿಯೇಟರಿನಲ್ಲಿದ್ದರು. ನಮ್ಮವರಲ್ಲವೇ, ಸಾಲಿನಲ್ಲಿ ನಿಲ್ಲಿಸಲು ಮನಸ್ಸಾಗಲಿಲ್ಲ. ಪಕ್ಕದ ಬಾಗಿಲಿನಿಂದ ಕರೆದು, ಚಹಾ ಕೊಟ್ಟು, ರಕ್ತ ತೆಗೆಸಿದೆ. ಬೆರಳ ಪರೀಕ್ಷೆ ಅನ್ನುತ್ತಿದ್ದಂತೆ, "ಅದೆಲ್ಲ ಇನ್ನೊಂದ್ಸಲ ಕಣಮ್ಮ, ಡಾಕ್ಟ್ರು ಇದ್ದಾಗ ನೋಡಣ" ಎಂದು ಎದ್ದರು. ನಾನೂ ಹ್ಞೂಂ ಅಂದೆ. ಮಾತ್ರೆ ಏನಾದರೂ ತಗೊಳ್ತೀರಾ ಎಂದು ಕೇಳಿದ್ದಕ್ಕೆ, "ನಂಗ್ಯಾವ ಮಾತ್ರೆನಮ್ಮಾ, ಗಟ್ಟಿಮುಟ್ಟಾಗಿದೀನಿ" ಅಂದರು. ಹಿರಿಯರು, ಗುರುತಿನವರು, ಅವರ ಮುಂದೆ ಗಂಗಾಳ ಹಿಡಿದು ಜೇಬು ಖಾಲಿ ಮಾಡಿ ಅನ್ನುವುದು ಮರ್ಯಾದೆಯೇ? 'ನಿಲ್' ಎಂದು ನಾನೇ ಕುಟ್ಟಿದೆ.

ರಿಪೋರ್ಟು ಮೂರೂವರೆ ಬಂತು. ನಾಲ್ಕರೊಳಗೆ. ನಾನೇ ಫೋನ್ ಮಾಡಿ, "ಅಣ್ಣಾರ, ಏನೂ ಇಲ್ರೀ, ಆರಾಮ ಇರ್ರಿ" ಅಂದೆ. ಅವರ ಹೆಂಡತಿ ರಾಜಮ್ಮ ಅತ್ತಿಗೆ ಸಂತೋಷಕ್ಕೆ ಚಿರೋಟಿ ಮಾಡಿ ಕಳಿಸಿದರು. ಎರಡು ತಿಂದೆ.

ಸೆಪ್ಟೆಂಬರಿನಲ್ಲಿ ನಾಟಕದ ತಾಲೀಮು ಶುರುವಾಯಿತು. ಮೊದಲ ಭಾನುವಾರ ಮೂರ್ತಿ ಅಣ್ಣ ಒಳಗೆ ಬಂದರೆ ಇಡೀ ಹಾಲು ತಿರುಗಿ ನೋಡಿತು. ನಡುನೆತ್ತಿಯ ಮೇಲೆ ಕೂದಲು! ದಟ್ಟವಲ್ಲ, ಆದರೆ ಬಾಚುವಷ್ಟಿತ್ತು. ಅವರು ಬಾಚುತ್ತಲೂ ಇದ್ದರು.

"ಅಯ್ಯ ಶಿವನ! ಏನ್ರೀ ಅಣ್ಣಾರ ಇದು, ಕೂದಲಾ ಭಾಳ ಛಲೋ ಬಂದಾವಲ್ರೀ?" ಅಂದೆ.

"ಗರಿಯಾಹಾಟ್‌ನಲ್ಲಿ ಒಬ್ಬ ವೈದ್ಯ ಎಣ್ಣೆ ಕೊಡ್ತಾನಮ್ಮ. ಈ ವರ್ಷ ರಾಜಂಗೆ ವಿಗ್ಗಿಲ್ಲ" ಎಂದು ಗತ್ತಿನಿಂದ ಹೇಳಿದರು. ಅತ್ತಿಗೆ ಮೂಗು ಮುರಿದು, "ಮನೇಲಿ ಯಾವ ಎಣ್ಣೇನೂ ಕಂಡಿಲ್ಲ ನಾನು" ಅಂದರು. ನಾವೆಲ್ಲ ನಕ್ಕು ಮರೆತುಬಿಟ್ಟೆವು.

ಅದಾದ ವಾರದಲ್ಲೇ ವಿಲ್ಸನ್ ನಮ್ಮ ಕಂಪ್ಯೂಟರ್ ನೋಡಲು ಬಂದ. ಹೇಳಲು ಮರೆತೆ, ಅವನು ಮೂರ್ತಿ ಅಣ್ಣನ ಮನೆಯ ಮಹಡಿಯಲ್ಲೇ ಪೇಯಿಂಗ್ ಗೆಸ್ಟ್ ಆಗಿದ್ದ, ಬಾತ್‌ರೂಮು ಮನೆಗೆಲ್ಲ ಒಂದೇ. ಕೆಲಸ ಮುಗಿದ ಮೇಲೂ ಹೋಗದೆ ನನ್ನ ಮೇಜಿನ ಹತ್ತಿರ ಸುಳಿದಾಡಿದ.

"ಆಂಟಿ, ಒಂದು ಕೇಳುವಾ ಅಂತ ಇತ್ತು. ಯಾರಿಗೂ ಹೇಳ್ಬಾರದು, ಆಯ್ತಾ?" ಎಂದು ಬ್ಯಾಗಿನಿಂದ ಒಂದು ಮಾತ್ರೆಯ ಸ್ಟ್ರಿಪ್ ತೆಗೆದ. "ಮನೇಲಿ ಹುಡುಗಿ ನೋಡ್ತಿದ್ದಾರೆ. ಅಷ್ಟರೊಳಗೆ ಕೂದಲು ಪೂರ್ತಿ ಹೋದ್ರೆ ಎಂತ ಮಾಡುದು? ಆಫೀಸಿನವರೆಲ್ಲ ಇದನ್ನೇ ತಿನ್ನುದು. ನಾಲ್ಕು ತುಂಡು ಮಾಡಿ ದಿನಕ್ಕೊಂದು. ತೊಂದರೆ ಇಲ್ಲ ಅಲ್ವಾ?"

ಸ್ಟ್ರಿಪ್ ನೋಡಿದ ಕೂಡಲೇ ನಗು ಬಂತು. ಫಿನಾಸ್ಟರೈಡ್! ಉಬ್ಬಿದ ಪ್ರಾಸ್ಟೇಟಿಗೆ ನಾವು ದಿನಾ ಹಂಚುವ ಮಾತ್ರೆ. ಸಣ್ಣ ಪ್ರಮಾಣದಲ್ಲಿ ಕೂದಲಿಗೂ ಕೊಡುತ್ತಾರೆ. "ಅಲ್ಲೋ ತಮ್ಮಾ, ಡಾಕ್ಟರನ್ನ ಕೇಳದ ತಿನ್ನೂದೇನೋ? ಇದು ನಮ್ಮ ಅಜ್ಜಂದಿರ ಮಾತ್ರಿ!" ಎಂದು ಕಾಡಿಸಿದೆ.

"ಅದು ಬಿಡಿ ಆಂಟಿ. ನನ್ನ ಡೌಟು ಬೇರೆ. ತುಂಡುಗಳನ್ನು ಬಾತ್‌ರೂಮಿನ ಡಬ್ಬಿಯಲ್ಲಿಡ್ತೇನೆ. ಎಕ್ಸೆಲ್ ಶೀಟ್ ಮಾಡಿ ದಿನಾ ಬರೀತೇನೆ. ಎಂಟು ತಿಂಗಳಿಂದ ದಿನಕ್ಕೊಂದು ತುಂಡು ಹೆಚ್ಚು ಖರ್ಚಾಗ್ತಾ ಉಂಟು. ಇಲಿ ತಿಂತದಾ ಅಂತ. ತಿಂದ್ರೆ ಇಲಿಗೆ ಎಂತಾದ್ರೂ ಆಗ್ತದಾ?"

ನಗುತ್ತಿದ್ದವಳು ನಿಂತುಬಿಟ್ಟೆ. ಯಾವ ಇಲಿ ಎಂದು ನನಗೆ ತಿಳಿದುಹೋಯಿತು. ಆ ಇಲಿಯನ್ನು ಭಾನುವಾರವಷ್ಟೇ ಹೊಗಳಿ ಬಂದಿದ್ದೆ.

ಹುಡುಗಿಯರೇ, ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಈ ಮಾತ್ರೆ ಆರು ತಿಂಗಳು, ವರ್ಷ ತಿಂದರೆ ರಕ್ತದಲ್ಲಿನ ಪಿ.ಎಸ್.ಎ. ಸುಮಾರು ಅರ್ಧಕ್ಕಿಳಿಯುತ್ತದೆ. ಕೂದಲಿಗೆಂದು ತಿನ್ನುವ ಚೂರು ಕೂಡ ಇಳಿಸುತ್ತದೆ. ಕ್ಯಾನ್ಸರ್ ಇದ್ದರೆ ಅದು ಎಲ್ಲೂ ಹೋಗಿರುವುದಿಲ್ಲ, ನಂಬರು ಮಾತ್ರ ಸಣ್ಣದಾಗಿ ಕಾಣುತ್ತದೆ. ಹಾಗಾಗಿ ತಿನ್ನುವವರ ನಂಬರನ್ನು ಎರಡರಿಂದ ಗುಣಿಸಿ ನೋಡಬೇಕು. ಇದು ನನಗೆ ಕಂಠಪಾಠವಿತ್ತು. ಗಂಗಾಳ ಇದ್ದದ್ದೇ ಇದಕ್ಕೆ. ಅಣ್ಣನನ್ನು ಇದೇ ರೋಗಕ್ಕೆ ಕಳೆದುಕೊಂಡ ಮನುಷ್ಯನಿಗೆ ನಾನು ನನ್ನ ಬಾಯಾರೆ ಏನೂ ಇಲ್ಲ ಎಂದು ಹೇಳಿ, ಚಿರೋಟಿ ತಿಂದು ಕೂತಿದ್ದೆ. ಅಷ್ಟು ನಾಚಿಕೆ, ಅಷ್ಟು ಭಯ ನನಗೆ ಆ ಮೊದಲೂ ಆಗಿಲ್ಲ, ಆಮೇಲೂ ಆಗಿಲ್ಲ.

ಘಟಕ್ ಕೋಣೆಗೆ ಹೋಗಿ ನಿಂತೆ. ಪಕ್ಕದ ಬಾಗಿಲು, ಚಹಾ, 'ನಿಲ್', ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಸುಮ್ಮನಾದರು. ಬೈದಿದ್ದರೆ ಚೆನ್ನಾಗಿತ್ತು.

"ಎಷ್ಟು ಬಂದಿತ್ತು?"

"ಮೂರೂವರೆ, ಸರ್."

"ಗುಣಿಸಿ."

"ಏಳು."

"ಏಳು ಅಂದರೆ ಕ್ಯಾನ್ಸರ್ ಎಂದೇನೂ ಅಲ್ಲ. ಆದರೆ ಏಳು ಇರುವವರನ್ನು ನಾವು ಮನೆಯಲ್ಲಿ ಬಿಟ್ಟಿರುವುದಿಲ್ಲ." ಮತ್ತೆ ಕನ್ನಡಕ ಹಾಕಿಕೊಂಡರು. "ಪರಿಚಯದವರಿಗೆ ನೀವು ರಿಯಾಯಿತಿ ಕೊಟ್ಟಿರಿ ದೀದಿ. ಕಾಯಿಲೆ ಕೊಡುತ್ತದೆಯೇ? ಹೋಗಿ ಕರೆದುಕೊಂಡು ಬನ್ನಿ."

ಆ ಸಂಜೆಯೇ ವಿಲ್ಸನ್ನನ ಜತೆ ಲೇಕ್ ಮಾರ್ಕೆಟ್ಟಿಗೆ ಹೋದೆ. ಮೂರ್ತಿ ಅಣ್ಣ ಕನ್ನಡಿಯ ಮುಂದೆ ನಿಂತು ರಾಜನ ಮಾತು ಒಪ್ಪಿಸುತ್ತಿದ್ದರು. ಅತ್ತಿಗೆಯ ಅಡುಗೆಮನೆಯಿಂದ ಒಂದು ತಟ್ಟೆ ತಂದು ಅವರ ಮುಂದೆ ಹಿಡಿದೆ.

"ಅಣ್ಣಾರ, ಜೇಬಿನಾಗ ಏನೇನೈತಿ, ಎಲ್ಲಾ ಇದರಾಗ ಹಾಕ್ರಿ."

"ಏನಮ್ಮಾ ಇದು, ಪೊಲೀಸರ ಥರ?" ಎಂದು ನಗುತ್ತಾ ಕರವಸ್ತ್ರ ಹಾಕಿದರು, ಕನ್ನಡಕದ ಪೆಟ್ಟಿಗೆ ಹಾಕಿದರು. ಬಾಚಣಿಗೆಯನ್ನು ಮಾತ್ರ ಜೇಬಿನಲ್ಲೇ ಒತ್ತಿ ಹಿಡಿದುಕೊಂಡರು. ಮಾತ್ರೆ ಬೀಳಲಿಲ್ಲ. ಆಗ ವಿಲ್ಸನ್ ತನ್ನ ಎಕ್ಸೆಲ್ ಶೀಟಿನ ಪ್ರಿಂಟನ್ನು ತಟ್ಟೆಯಲ್ಲಿಟ್ಟ. ಎಂಟು ತಿಂಗಳು, ದಿನಕ್ಕೊಂದು ಸಾಲು, ಕೊನೆಯಲ್ಲಿ ಕೆಂಪು ಬಣ್ಣದಲ್ಲಿ 'ಕೊರತೆ'. ರಾಜನ ಮುಖ ಇಳಿದುಹೋಯಿತು. ಅತ್ತಿಗೆಗೆ ಮೊದಲು ನಗು ಬಂತು. "ಅಯ್ಯೋ ರಾಮಾ, ಈ ಹುಡುಗನ ಮಾತ್ರೆ ಕದ್ದು ತಿಂದ್ರಾ? ಇದೇನಾ ಗರಿಯಾಹಾಟ್ ಎಣ್ಣೆ?" ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

ನಾನು ನಗಲಿಲ್ಲ. ಅದನ್ನು ನೋಡಿ ಅತ್ತಿಗೆಯೂ ನಿಲ್ಲಿಸಿದರು.

ವಿಷಯ ಬಿಡಿಸಿ ಹೇಳಿದೆ. "ತಪ್ಪು ನಂದೈತ್ರಿ ಅಣ್ಣಾರ. ನೀವು ಮುಚ್ಚಿಟ್ಟದ್ದು ಬ್ಯಾರೆ. ಕೇಳೂ ಕೆಲಸ ನಂದು, ನಾ ಕೇಳಲಿಲ್ಲ."

ಅವರು ಶೀಟನ್ನು ಮಗುಚಿ ತಟ್ಟೆಯಲ್ಲಿಟ್ಟರು. ಆಮೇಲೆ ಮೆಲ್ಲಗೆ, "ಅಣ್ಣಂಗೆ ಆದ ಹಾಗೆ ಆಗತ್ತೇನಮ್ಮ?" ಅಂದರು.

"ಆಗಬಾರದು ಅಂತನ ಬಂದೇನ್ರಿ."

"ನಾಟಕ ಆಗ್ಲಿ. ನವೆಂಬರ್ ಕಳೀಲಿ. ಆಮೇಲೆ ಬರ್ತೀನಿ."

"ನಾಳೆ ಬರ್ರಿ" ಅಂದೆ. "ಇಲ್ಲಾಂದ್ರ ಈ ಶೀಟ್ ತಾಲೀಮಿನ ಹಾಲಿನಾಗ ಗೋಡೆಗೆ ಅಂಟಿಸ್ತೇನಿ, ನೋಡ್ರಿ ಮತ್ತ!"

ಮರುದಿನ ಬಂದರು. ಮಾತ್ರೆ ನಿಲ್ಲಿಸಿಯಾಗಿತ್ತು. ಮುಂದಿನ ಬಾಗಿಲಿನಿಂದ, ಸಾಲಿನಲ್ಲಿ ನಿಂತು ಬಂದರು. ಘಟಕ್ ಬೆರಳ ಪರೀಕ್ಷೆ ಮಾಡುವಾಗ ನಾನು ಪರದೆಯ ಈಚೆ ನಿಂತು ನಾಟಕದ ಮಾತು ಕೇಳುತ್ತಿದ್ದೆ, ಅವರು ಹಲ್ಲು ಕಚ್ಚಿ ರಾಜನ ಮಾತನ್ನೇ ಒಪ್ಪಿಸಿದರು. ಘಟಕ್ ಹೊರಗೆ ಬಂದು ಕೈಗವಸು ತೆಗೆದು, ತಮ್ಮ ಬೆರಳ ಗೆಣ್ಣನ್ನು ಮುಟ್ಟಿ ತೋರಿಸಿದರು. ನನಗೆ ಅಷ್ಟೇ ಸಾಕಿತ್ತು.

ಆದರೂ ಬೆರಳಾಗಲಿ ರಕ್ತವಾಗಲಿ ತೀರ್ಪು ಕೊಡುವುದಿಲ್ಲ. ತೀರ್ಪು ಬಯಾಪ್ಸಿಯದು. ಹಳೆಯ ಕಾಲದಲ್ಲಿ ಬೆರಳ ಅಂದಾಜಿನ ಮೇಲೆ ಸೂಜಿ ಹಾಕುತ್ತಿದ್ದರು, ಇವರ ಹೊತ್ತಿಗೆ ಅಲ್ಟ್ರಾಸೌಂಡ್ ನೋಡಿಕೊಂಡು ಬೇರೆಬೇರೆ ಜಾಗದಿಂದ ದಾರದಂಥ ಚೂರುಗಳನ್ನು ತೆಗೆಯುವ ಕ್ರಮ ಬಂದಿತ್ತು. ಪ್ರತಿ ಸಲ 'ಟಕ್' ಎಂದು ಸದ್ದು. ಅಣ್ಣ ಪ್ರತಿ ಸದ್ದಿಗೂ ಕನ್ನಡದಲ್ಲಿ ಒಂದೊಂದು ಬೈಗುಳ ಬೈದರು. ಏನನ್ನುತ್ತಿದ್ದಾರೆ ಎಂದು ಘಟಕ್ ಕೇಳಿದರು. ದೇವರ ನಾಮ ಅಂದೆ.

ಚೂರುಗಳು ಲ್ಯಾಬಿಗೆ ಹೋದವು, ಅಷ್ಟರಲ್ಲಿ ದುರ್ಗಾಪೂಜೆ ಬಂತು. ಕೋಲ್ಕತ್ತದಲ್ಲಿ ಪೂಜೆ ಬಂತೆಂದರೆ ಸೂಕ್ಷ್ಮದರ್ಶಕವೂ ರಜೆ ಹಾಕುತ್ತದೆ. ಬೀದಿಬೀದಿಯಲ್ಲಿ ಢಾಕ್ ಡೋಲು ಬಡಿಯುತ್ತಿದ್ದರು, ನನಗೆ ಒಂದು ಪೆಂಡಾಲ್ ನೋಡುವ ಮನಸ್ಸಿರಲಿಲ್ಲ. ಅಷ್ಟಮಿಯ ದಿನ ಮೂರ್ತಿ ಅಣ್ಣನೇ ನನಗೆ ಫೋನ್ ಮಾಡಿ, "ಊಟ ಮಾಡ್ದ್ಯೇನಮ್ಮಾ?" ಎಂದು ಕೇಳಿದರು. ಕಾಯಿಲೆ ಅವರದು, ಸಮಾಧಾನ ನನಗೆ!

ರಜೆ ಮುಗಿದು ರಿಪೋರ್ಟು ಬಂತು. ಕ್ಯಾನ್ಸರ್ ಹೌದು. ಮೂಳೆಯ ಸ್ಕ್ಯಾನ್ ಮಾಡಿಸಿದರು. ಮೂಳೆಗೆ ಹೋಗಿರಲಿಲ್ಲ. ಗ್ರಂಥಿಯೊಳಗೇ ಇತ್ತು. ಆ ಎರಡನೆಯ ಕಾಗದ ಓದಿ ನಾನು ಸ್ಟೋರ್ ರೂಮಿಗೆ ಹೋಗಿ ಒಬ್ಬಳೇ ಅತ್ತೆ.

ಘಟಕ್ ಗಂಡಹೆಂಡಿರಿಬ್ಬರನ್ನೂ ಕೂರಿಸಿ ದಾರಿಗಳನ್ನು ಹೇಳಿದರು. ತೀರಾ ನಿಧಾನದ ಜಾತಿಯಾದರೆ ಸುಮ್ಮನೆ ಕಣ್ಣಿಟ್ಟು ಕಾಯುವುದುಂಟು. ಇದು ಅಷ್ಟು ನಿಧಾನದ್ದಲ್ಲ. ಗ್ರಂಥಿಯನ್ನು ಆಪರೇಷನ್ ಮಾಡಿ ತೆಗೆಯಬಹುದು, ಇಲ್ಲವೇ ವಿಕಿರಣ ಕೊಡಬಹುದು. ಮೂಳೆಗೆ ಹಬ್ಬಿದ್ದರೆ ಗಂಡಸುತನದ ಹಾರ್ಮೋನು ತಗ್ಗಿಸುವ ಇಂಜೆಕ್ಷನ್ನೇ ಮುಖ್ಯವಾಗುತ್ತಿತ್ತು. ಆಪರೇಷನ್ ಆದರೆ ಕೆಲವು ತಿಂಗಳು ಮೂತ್ರ ಸೋರಬಹುದು, ದಾಂಪತ್ಯದ ವಿಷಯದಲ್ಲೂ ತೊಂದರೆಯಾಗಬಹುದು ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಹಿಂದಿ ಬಾರದ ಅತ್ತಿಗೆಗಾಗಿ ನಾನು ಅದನ್ನೆಲ್ಲ ಕನ್ನಡಕ್ಕೆ ತಿರುಗಿಸಿ ಹೇಳಬೇಕು. ಕೊನೆಯ ಮಾತಿಗೆ ತಡವರಿಸಿದೆ. ರಾಜಮ್ಮ ಅತ್ತಿಗೆ, "ಅರ್ಥ ಆಯ್ತು ಬಿಡು ಕಸ್ತೂರಿ. ಮನುಷ್ಯ ಮನೇಲಿದ್ರೆ ಸಾಕು" ಅಂದರು. ಆಪರೇಷನ್ ಎಂದು ತೀರ್ಮಾನವಾಯಿತು.

"ನಾಟಕ?" ಎಂದು ಅಣ್ಣ ಕೇಳಿದರು.

ಘಟಕ್ ನಕ್ಕರು, ಅಪರೂಪಕ್ಕೆ. ಬಯಾಪ್ಸಿಯ ಗಾಯ ಆರಲು ಹೇಗೂ ಆರು ವಾರ ಕಾಯಬೇಕಿತ್ತು. ನಾಟಕ ಅದರೊಳಗೇ ಬರುತ್ತಿತ್ತು.

ಆ ನವೆಂಬರಿನಲ್ಲಿ ರಾಜ ವಿಗ್ಗಿಲ್ಲದೆ ರಂಗಕ್ಕೆ ಬಂದ. ಸಭೆ ಕೂದಲಿಗೇ ಚಪ್ಪಾಳೆ ತಟ್ಟಿತು. ಆ ಕೂದಲಿನ ಕಥೆ ಗೊತ್ತಿದ್ದವರು ಅಲ್ಲಿ ನಾಲ್ವರೇ. ಮೂರನೆಯ ಸಾಲಿನಲ್ಲಿ ಕೂತಿದ್ದ ವಿಲ್ಸನ್ ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದ. ಅರ್ಧ ಕೂದಲು ಅವನದೇ ತಾನೆ.

ಡಿಸೆಂಬರಿನಲ್ಲಿ ಆಪರೇಷನ್ ಆಯಿತು. ನಳಿಕೆ, ಸೋರುವುದು, ಒಳಗೆ ಪ್ಯಾಡ್ ಇಟ್ಟುಕೊಳ್ಳುವುದು, ಎಲ್ಲ ಪಟ್ಟರು. ಒಮ್ಮೊಮ್ಮೆ ಸಿಟ್ಟಿನಿಂದ ನನ್ನ ಮೇಲೆ ಕೂಗಾಡಿದರು, ನಾನೂ ತಿರುಗಿ ಕೂಗಾಡಿದೆ. ನಾಲ್ಕು ತಿಂಗಳಿಗೆ ಹಿಡಿತ ಬಂತು. ಪಿ.ಎಸ್.ಎ. ಸೊನ್ನೆಯ ಹತ್ತಿರಕ್ಕೆ ಇಳಿಯಿತು, ಈ ಸಲ ನಿಜವಾಗಿ. ಕೂದಲು ಬಂದ ದಾರಿಯಲ್ಲೇ ಹೋಯಿತು. ಅಂದ ಹಾಗೆ, ಆಪರೇಷನ್‌ಗೆ ಮೊದಲೇ ಘಟಕ್ ವಿಲ್ಸನ್ನನಿಗೆ ಹೇಳಿ ಆ ಔಷಧಿಯ ಖಾನೆ ಬದಲಿಸಿದರು. ಅಲ್ಲಿ 'ನಿಲ್' ಎಂದು ಕುಟ್ಟಿದರೆ, "ಗಂಗಾಳ ತೋರಿಸಿದಿರಾ?" ಎಂಬರ್ಥದ ಒಂದು ಪ್ರಶ್ನೆ ಪರದೆಯ ಮೇಲೆ ಎದ್ದು ನಿಲ್ಲುತ್ತಿತ್ತು. ವಿಲ್ಸನ್ನನಿಗೆ ಮದುವೆಯೂ ಆಯಿತು. ಹುಡುಗಿಗೆ ಕೂದಲಿನ ಚಿಂತೆಯೇ ಇರಲಿಲ್ಲವಂತೆ.

ನಿವೃತ್ತಿಯಾಗುವಾಗ ಗಂಗಾಳವನ್ನು ಅಲ್ಲೇ ಬಿಟ್ಟು ಬಂದೆ. ಒಮ್ಮೆ ಪೆನ್ಷನ್ ಕಾಗದಕ್ಕೆಂದು ಆಸ್ಪತ್ರೆಗೆ ಹೋದಾಗ ಹಳೆಯ ಕೋಣೆಯಲ್ಲಿ ಇಣುಕಿದೆ. ಮೂರ್ತಿ ಅಣ್ಣ ವರ್ಷದ ತಪಾಸಣೆಗೆ ಬಂದು ಸಾಲಿನಲ್ಲಿ ಕೂತಿದ್ದರು. ಎಪ್ಪತ್ತು ದಾಟಿತ್ತು, ತಲೆ ಫಳಫಳ ಹೊಳೆಯುತ್ತಿತ್ತು. ನನ್ನ ಜಾಗದಲ್ಲಿದ್ದ ಹೊಸ ಹುಡುಗಿ ನನ್ನನ್ನು ಗುರುತಿಸಿ ಎದ್ದು ನಿಂತಳು. ಅಣ್ಣ ನನ್ನ ಕಡೆಯವರು ಎಂದು ತಿಳಿದು, "ಬನ್ನಿ ಕಾಕು, ಕೊಸ್ತೂರಿ ದೀದಿಯವರು ಅಂದ ಮೇಲೆ ನಿಮಗೆಂಥ ಸಾಲು, ನಿಮಗೆಂಥ ಟ್ರೇ?" ಎಂದು, ಚಿಕ್ಕಪ್ಪನನ್ನು ಕರೆದ ಹಾಗೆ, ಬಂಗಾಳಿಯಲ್ಲಿ ಉಪಚರಿಸಿದಳು.

ನಾನು ಬಾಯಿ ತೆರೆಯುವುದರೊಳಗೆ ಅಣ್ಣ ತಾವೇ ಎದ್ದು, ಕಪಾಟಿನಿಂದ ಗಂಗಾಳ ತೆಗೆದು, ಕರವಸ್ತ್ರದಿಂದ ಒರೆಸಿ ಅವಳ ಮುಂದಿಟ್ಟರು. ಬಿ.ಪಿ. ಮಾತ್ರೆ ಹಾಕಿದರು. ಕೊಬ್ಬಿನ ಮಾತ್ರೆ, ಎದೆಯುರಿಗೊಂದು, ಅರ್ಧ ಕಚ್ಚಿದ ಪೆಪ್ಪರ್‌ಮಿಂಟು. ಕೊನೆಗೆ ಅಂಗಿಯ ಮೇಲುಜೇಬಿಗೆ ಕೈಹಾಕಿ ಬಾಚಣಿಗೆ ತೆಗೆದು ಅದನ್ನೂ ಹಾಕಿದರು. ಗಂಗಾಳ ಟಣ್ ಎಂದಿತು. ಹುಡುಗಿ ಬಾಚಣಿಗೆ ನೋಡಿದಳು, ತಲೆ ನೋಡಿದಳು, ತುಟಿ ಕಚ್ಚಿಕೊಂಡಳು.

"ಅದ್ಯಾಕ್ರೀ ಅಣ್ಣಾರ?" ಅಂದೆ.

"ಜೇಬಲ್ಲಿರೋದೆಲ್ಲ ಹಾಕಿ ಅಂದೋಳು ನೀನೇ ಅಲ್ವೇನಮ್ಮ? ಅವತ್ತು ಇದೊಂದು ಉಳಿಸ್ಕೊಂಡಿದ್ದೆ" ಎಂದು, ಅಂಗಿಯ ತೋಳು ಮಡಚಿಕೊಂಡು ರಕ್ತ ಕೊಡಲು ಒಳಗೆ ಹೋದರು.

ಹುಡುಗಿ ಕೂತು ಮಾತ್ರೆಗಳ ಹೆಸರನ್ನು ಒಂದೊಂದಾಗಿ ಕುಟ್ಟಿದಳು. ಅವರು ಹೊರಗೆ ಬರುವವರೆಗೆ ಬಾಚಣಿಗೆಯನ್ನು ನಾನು ಹಿಡಿದುಕೊಂಡಿದ್ದೆ.